ಮೂರು ಅಂಚು ಮುಟ್ಟಿ ಬರುವ ಚೆಂಡು

ಆ ಮೇಜಿಗೆ ಕುಳಿಗಳಿಲ್ಲ. ನಮ್ಮೂರ ಕ್ಲಬ್ಬುಗಳಲ್ಲಿ ಸ್ನೂಕರ್ ನೋಡಿ ಬೆಳೆದ ಕಣ್ಣು ಮೊದಲು ಹುಡುಕುವುದು ನಾಲ್ಕು ಮೂಲೆಗಳ, ನಡುವಿನ ಎರಡು ಬದಿಗಳ ಆ ಕತ್ತಲ ಬಾಯಿಗಳನ್ನೇ. ಚೆಂಡು ಎಲ್ಲಿಗೋ ಹೋಗಿ ಬೀಳಬೇಕು, ಬಿದ್ದು ಕಣ್ಮರೆಯಾಗಬೇಕು, ಆಗಲೇ ಆಟ ಮುಂದೆ ಸಾಗಿದಂತೆ ಎಂಬ ರೂಢಿ ಅದಕ್ಕೆ. ಥ್ರೀ-ಕುಶನ್ ಬಿಲಿಯರ್ಡ್ಸ್ ಮೇಜಿನ ಮುಂದೆ ಆ ಕಣ್ಣಿಗೆ ಇಳಿದು ನಿಲ್ಲಲು ಜಾಗವೇ ಸಿಗುವುದಿಲ್ಲ. 2.84 ಮೀಟರ್ ಉದ್ದ, ಅದರ ಅರ್ಧದಷ್ಟು ಅಗಲದ ಒಂದು ನೀಲಿ ಬಯಲು, ಸುತ್ತ ರಬ್ಬರಿನ ಅಂಚು, ಮೇಲೆ ನೆರಳಿಲ್ಲದಂತೆ ಸುರಿಯುವ ಬೆಳಕು, ಆ ಬೆಳಕಿನಲ್ಲಿ ಒಂದು ಬಿಳಿ, ಒಂದು ಹಳದಿ, ಒಂದು ಕೆಂಪು. ಆಟ ಶುರುವಾದಾಗ ಇದ್ದ ಮೂರೂ ಚೆಂಡುಗಳು ಆಟ ಮುಗಿದಾಗಲೂ ಅಲ್ಲೇ ಇರುತ್ತವೆ. ಯಾವುದೂ ಕಳೆಯುವುದಿಲ್ಲ, ಯಾವುದೂ ಕೂಡುವುದಿಲ್ಲ. ಅವುಗಳ ನಡುವಿನ ದೂರ ಮಾತ್ರ ಮತ್ತೆ ಮತ್ತೆ ಬದಲಾಗುತ್ತದೆ, ಮೋಡಗಳ ನಡುವಿನ ಆಕಾಶ ಬದಲಾಗುವ ಹಾಗೆ.

ನಿಯಮ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟು ಸಣ್ಣದು. ಆಡುವವರು ತಮ್ಮ ಚೆಂಡನ್ನು ಹೊಡೆಯುತ್ತಾರೆ. ಅದು ಉಳಿದ ಎರಡನ್ನೂ ಮುಟ್ಟಬೇಕು, ಎರಡನೆಯದನ್ನು ಮುಟ್ಟುವ ಮೊದಲು ಅಂಚುಗಳಿಗೆ ಕಡಿಮೆಯೆಂದರೆ ಮೂರು ಸಲ ತಗಲಿ ಬಂದಿರಬೇಕು. ಹಾಗಾದರೆ ಒಂದು ಅಂಕ, ಎಷ್ಟೇ ಸುಂದರವಾದ ಹೊಡೆತಕ್ಕೂ ಒಂದೇ ಅಂಕ. ಹೊಡೆತಕ್ಕೂ ಆ ಅಂಕಕ್ಕೂ ನಡುವೆ ಕೆಲವು ಸೆಕೆಂಡುಗಳಿವೆ, ಮತ್ತು ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿರುವುದು ಆ ಕೆಲವು ಸೆಕೆಂಡುಗಳೇ. ಚೆಂಡು ಮೊದಲ ಚೆಂಡನ್ನು ಅರೆತಾಗಿ ಸವರಿ, ಉದ್ದದ ಅಂಚಿಗೆ ಮೈಕೊಟ್ಟು, ಅಲ್ಲಿಂದ ಗಿಡ್ಡ ಅಂಚಿಗೆ ತಿರುಗಿ, ಎದುರು ಬದಿಯ ಉದ್ದದ ಅಂಚನ್ನು ಹುಡುಕಿಕೊಂಡು ಹೋಗುವ ಹೊತ್ತಿಗೆ ಅದರ ಮೊದಲಿನ ಆತುರವೆಲ್ಲ ಇಳಿದಿರುತ್ತದೆ. ತನ್ನೊಳಗಿನ ಗಿರಕಿಯನ್ನು ಮಾತ್ರ ಉಳಿಸಿಕೊಂಡು ಅದು ಮೂರನೆಯ ಅಂಚಿನಿಂದ ಹೊರಳುತ್ತದೆ, ಯಾರೂ ನಿರೀಕ್ಷಿಸದ ಒಂದು ಕೋನದಲ್ಲಿ ಬಾಗುತ್ತದೆ, ನಿಧಾನವಾಗಿ, ಇನ್ನೂ ನಿಧಾನವಾಗಿ ದೂರದ ಮೂಲೆಯಲ್ಲಿ ಅಷ್ಟು ಹೊತ್ತು ಅಲುಗದೆ ಕಾದಿದ್ದ ಕೆಂಪು ಚೆಂಡಿನ ಬಳಿಗೆ ಬರುತ್ತದೆ. ಹೊಡೆದವರು ಆಗಲೇ ನೆಟ್ಟಗೆ ನಿಂತಿರುತ್ತಾರೆ. ಅವರ ಕೈಯಲ್ಲಿ ಇನ್ನೇನೂ ಇಲ್ಲ. ಅವರೂ ನಮ್ಮಂತೆಯೇ ನೋಡುತ್ತಾ ನಿಂತ ಒಬ್ಬರು. ಸಭಾಂಗಣದಲ್ಲಿ ಇದ್ದಷ್ಟೂ ಜನ ಉಸಿರು ಹಿಡಿದಿರುತ್ತಾರೆ, ಮತ್ತು ಆ ಮೌನದ ತುದಿಯಲ್ಲಿ, ಬಂದರೆ, ಒಂದು ಸಣ್ಣ ಟಕ್ ಸದ್ದು ಬರುತ್ತದೆ.

ಈ ಆಟಕ್ಕಾಗಿ ಮೆಡಿಟರೇನಿಯನ್ ಕಡಲ ದಂಡೆಯಲ್ಲಿ, ಬಹುಪಾಲು ಮೊನಾಕೊದ ಆಸುಪಾಸಿನಲ್ಲಿ, ವರ್ಷಕ್ಕೊಮ್ಮೆ ಒಂದು ಪಂದ್ಯಾವಳಿ ನಡೆಯುತ್ತಿತ್ತು. ಹೆಸರು ಕ್ರಿಸ್ಟಲ್ ಕೆಲ್ಲಿ. 1994ರಲ್ಲಿ ಶುರುವಾಗಿ 2011ರವರೆಗೆ ನಡೆದ ಈ ಪಂದ್ಯಾವಳಿಗೆ ಯಾರು ಬೇಕಾದರೂ ಹೆಸರು ಕೊಟ್ಟು ಬರುವಂತಿರಲಿಲ್ಲ. ಆಹ್ವಾನ ಬಂದವರಿಗೆ ಮಾತ್ರ ಪ್ರವೇಶ, ಆ ಆಹ್ವಾನ ಹೋಗುತ್ತಿದ್ದುದು ಆಯಾ ಕಾಲದ ಅತ್ಯುತ್ತಮರಿಗೆ. ಸ್ವೀಡನ್ನಿನ ಟಾರ್ಬ್ಯೋರ್ನ್ ಬ್ಲೊಮ್‌ದಾಲ್, ನೆದರ್ಲೆಂಡ್ಸಿನ ಡಿಕ್ ಯಾಸ್ಪರ್ಸ್, ಬೆಲ್ಜಿಯಮ್ಮಿನ ಫ್ರೆಡೆರಿಕ್ ಕೋಡ್ರೋನ್ ಅಲ್ಲಿ ಆಡಿದರು. ಬಹುಮಾನದ ಮೊತ್ತ ಈ ಬಡ ಆಟಕ್ಕೆ ಅಪರೂಪವೆನ್ನುವಷ್ಟು ದೊಡ್ಡದಿತ್ತು. ನನ್ನ ಮನಸ್ಸು ನಿಲ್ಲುವುದು ಮಾತ್ರ ಆ ಹೆಸರಿನಲ್ಲಿ. ಜಗತ್ತಿನ ಪಂದ್ಯಾವಳಿಗಳಿಗೆ ರಾಜರ ಹೆಸರಿದೆ, ಊರುಗಳ ಹೆಸರಿದೆ, ತೀರಿಹೋದ ಆಟಗಾರರ ಹೆಸರಿದೆ, ಸಿಗರೇಟು ಕಂಪನಿಗಳ, ಬ್ಯಾಂಕುಗಳ ಹೆಸರಿದೆ. ಇದು ಒಬ್ಬ ತಂದೆ ತನ್ನ ಮಗಳ ಹೆಸರನ್ನು ಇಟ್ಟ ಪಂದ್ಯಾವಳಿ.

ತಂದೆ ಯೋಪ್ ಫಾನ್ ಓಸ್ಟರೊಮ್, ವೋಲ್ಮಾಕ್ ಎಂಬ ಸಾಫ್ಟ್‌ವೇರ್ ಕಂಪನಿ ಕಟ್ಟಿ ಸಿರಿವಂತನಾದ ಡಚ್ಚರವನು. ಅವನಿಗೆ ಎರಡು ಆಟಗಳ ಹುಚ್ಚು. ಒಂದು ಬಿಲಿಯರ್ಡ್ಸ್, ಇನ್ನೊಂದು ಚೆಸ್. ಮೆಲೊಡಿ ಆಂಬರ್ ಎಂಬ ಮಗಳ ಹೆಸರಿನಲ್ಲಿ 1992ರಲ್ಲೇ ಅವನು ಒಂದು ಚೆಸ್ ಪಂದ್ಯಾವಳಿ ಶುರುಮಾಡಿದ್ದ. ಅದೂ ಮೊನಾಕೊ ಸುತ್ತಿನ ಅದೇ ಕಡಲ ದಂಡೆಯಲ್ಲಿ ನಡೆದು ಅದೇ 2011ರಲ್ಲಿ ನಿಂತಿತು. ಒಬ್ಬ ಮಗಳಿಗೆ ಅರುವತ್ತನಾಲ್ಕು ಮನೆಗಳ ಹಲಗೆ, ಇನ್ನೊಬ್ಬಳಿಗೆ ಮನೆಗಳೇ ಇಲ್ಲದ ನೀಲಿ ಬಯಲು. ಹೀಗೆ ಹಂಚಿಕೊಟ್ಟ ಆ ತಂದೆಯ ಮನಸ್ಸಿನೊಳಗೆ ಏನಿತ್ತೆಂದು ಊಹಿಸಲು ನಾನು ಹೋಗುವುದಿಲ್ಲ. ಆದರೆ ಅಂಚೆಯ ಮೂಲಕ ಆಡುವ ಚೆಸ್ಸಿನಲ್ಲಿ ಅವನು ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದ ಎನ್ನುವುದನ್ನು ಓದಿದಾಗ ಏನೋ ಹೊಳೆದಂತಾಯಿತು. ಅಂಚೆ ಚೆಸ್ ಎಂದರೆ ಎದುರಾಳಿಯ ಮುಖ ಕಾಣದ ಆಟ; ಒಂದು ನಡೆಯನ್ನು ಕಳಿಸಿ, ಅದರ ಉತ್ತರಕ್ಕಾಗಿ ದಿನಗಟ್ಟಲೆ ಕಾಯುವ ಆಟ. ಕಾಯುವುದನ್ನು ಅಷ್ಟು ಆಳವಾಗಿ ಪ್ರೀತಿಸಿದವನಿಗೆ, ಚೆಂಡು ಮೂರನೆಯ ಅಂಚಿನಿಂದ ಹೊರಳಿ ಬರುವ ಆ ಕೊನೆಯ ನಿಧಾನ ಎಷ್ಟು ಇಷ್ಟವಾಗಿದ್ದಿರಬೇಕು!

ಆ ಚೆಸ್ ಪಂದ್ಯಾವಳಿಯ ಅರ್ಧ ಆಟಗಳು ಕಣ್ಣು ಕಟ್ಟಿಕೊಂಡು ಆಡುವಂಥವು. ನಿಜಕ್ಕೂ ಕಣ್ಣಿಗೆ ಬಟ್ಟೆ ಕಟ್ಟುತ್ತಿರಲಿಲ್ಲ. ಆಟಗಾರರ ಮುಂದಿನ ಪರದೆಯ ಮೇಲೆ ಖಾಲಿ ಹಲಗೆ ಮಾತ್ರ ಇರುತ್ತಿತ್ತು, ಒಂದು ಕಾಯಿಯೂ ಕಾಣುತ್ತಿರಲಿಲ್ಲ. ನಮ್ಮ ವಿಶ್ವನಾಥನ್ ಆನಂದ್ ವರ್ಷ ವರ್ಷ ಅಲ್ಲಿ ಹೋಗಿ ಕುಳಿತರು, ಒಟ್ಟಾರೆ ಪ್ರಶಸ್ತಿಯನ್ನೂ ಒಂದಕ್ಕಿಂತ ಹೆಚ್ಚು ಸಲ ಗೆದ್ದರು. ಖಾಲಿ ಹಲಗೆಯನ್ನು ದಿಟ್ಟಿಸುತ್ತಾ, ಅಲ್ಲಿಲ್ಲದ ಕುದುರೆಯನ್ನು ಅಲ್ಲಿಲ್ಲದ ಒಂಟೆಯ ದಾರಿಯಿಂದ ತಪ್ಪಿಸಿ ಕೂರಿಸುವ ಆ ಧ್ಯಾನವನ್ನು ನೆನೆದರೆ, ಅಕ್ಕನ ಆಟವೂ ತಂಗಿಯ ಆಟವೂ ಬೇರೆಯಲ್ಲ ಅನ್ನಿಸುತ್ತದೆ. ಅಲ್ಲಿ ಕಾಯಿಗಳು ಕಾಣುವುದಿಲ್ಲ. ಇಲ್ಲಿ ಚೆಂಡುಗಳು ಕಾಣುತ್ತವೆ, ದಾರಿ ಕಾಣುವುದಿಲ್ಲ. ಹೊಡೆಯುವ ಕೋಲನ್ನು, ಅಂದರೆ ಕ್ಯೂವನ್ನು, ಹಿಡಿದು ಬಾಗಿದವರ ಕಣ್ಣಿಗೆ ಮಾತ್ರ ಆ ಖಾಲಿ ಬಟ್ಟೆಯ ಮೇಲೆ ಒಂದು ಗೆರೆ ಬೆಳಗುತ್ತಿರುತ್ತದೆ. ಚೆಂಡು ಆ ಗೆರೆಯನ್ನು ಎಳೆಯುತ್ತಾ ಹೋಗುತ್ತದೆ, ಎಳೆದಂತೆಯೇ ಅಳಿಸುತ್ತಾ ಹೋಗುತ್ತದೆ.

ಗೆರೆಯ ಹಿಂದೆ ಹಿಂದೆ ಹೋದರೆ ಅಮೆರಿಕದ ಮಿಸಿಸಿಪ್ಪಿ ನದಿಯ ದಡದ ಸೇಂಟ್ ಲೂಯಿಸ್ ಸಿಗುತ್ತದೆ. 1878ರ ಜನವರಿ, ಕೊರೆಯುವ ಚಳಿಗಾಲ, ಅನಿಲದ ದೀಪಗಳ ಕಾಲ. ಥ್ರೀ-ಕುಶನ್ನಿನ ಮೊದಲ ಪಂದ್ಯಾವಳಿ ಅಲ್ಲಿ ನಡೆಯಿತು. ಈ ಆಟವನ್ನು ಜನರ ನಡುವೆ ತಂದ ಕೀರ್ತಿ ಸಲ್ಲುವುದು ವೇಮನ್ ಮೆಕ್ರೀರಿ ಎಂಬ ಅದೇ ಊರಿನವನಿಗೆ. ಅವನ ವೃತ್ತಿ ಮನೆ-ಜಮೀನಿನ ವ್ಯವಹಾರ. ಅದರ ನಡುವೆ ಅವನೊಂದು ಆಪೆರಾವನ್ನೂ ರಚಿಸಿದ. ಸಂಗೀತ ಕಟ್ಟಬಲ್ಲವನು ಈ ಆಟವನ್ನೂ ಕಟ್ಟಿದ ಎನ್ನುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಎರಡು ಚೆಂಡನ್ನು ನೇರವಾಗಿ ಮುಟ್ಟಿದರೆ ಸಾಕೆಂದಿದ್ದ ಹಳೆಯ ಆಟದಲ್ಲಿ ಪರಿಣತರು ಮೂರೂ ಚೆಂಡುಗಳನ್ನು ಒಂದು ಮೂಲೆಯಲ್ಲಿ ಗುಂಪುಗೂಡಿಸಿಕೊಂಡು, ಬೆರಳಷ್ಟು ದೂರದಲ್ಲೇ ತಟ್ಟಿ ತಟ್ಟಿ, ನೂರಾರು ಅಂಕ ಪೇರಿಸುತ್ತಾ ನಿಂತುಬಿಡುತ್ತಿದ್ದರು. ಮೂರು ಅಂಚು ಮುಟ್ಟಿ ಬಾ ಎಂದ ಕೂಡಲೇ ಆ ಮೂಲೆಯ ಪಿಸುಮಾತು ನಿಂತು, ಇಡೀ ಮೇಜು ತೆರೆದುಕೊಂಡಿತು; ಗುರಿಯನ್ನು ತಲುಪಲು ಗುರಿಗೆ ಬೆನ್ನು ಹಾಕಿ ಹೊರಡಬೇಕಾಯಿತು. ಆ ಮೊದಲ ಪಂದ್ಯಾವಳಿಯನ್ನು ಗೆದ್ದದ್ದು ನ್ಯೂಯಾರ್ಕಿನ ಲಿಯಾನ್ ಮ್ಯಾಗ್ನಸ್. ಅಷ್ಟೂ ದಿನಗಳ ಆಟದಲ್ಲಿ ಒಬ್ಬರು ಒಂದೇ ಸರದಿಯಲ್ಲಿ ಗಳಿಸಿದ ಅತಿ ಹೆಚ್ಚಿನ ಅಂಕ 6.

ಆರು. ಆ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಅನ್ನಿಸುತ್ತದೆ. ಅಂದಿನವರ ಕೈ ಕಡಿಮೆಯದೇನಲ್ಲ. ಅವರ ಮುಂದಿದ್ದ ಚೆಂಡುಗಳು ಆನೆಯ ದಂತದವು. ದಂತದ ನಡುವೆ ಒಂದು ನರದ ನಾಳ ಹಾದುಹೋಗಿರುತ್ತದೆ. ಆ ನಾಳ ಚೆಂಡಿನ ಸರಿಯಾದ ನಡುವಿನಲ್ಲಿ ಹಾಯುವಂತೆ ಕಡೆದರೆ ಮಾತ್ರ ಚೆಂಡು ನೆಟ್ಟಗೆ ಉರುಳುತ್ತದೆ, ಇಲ್ಲವಾದರೆ ಒಂದು ಬದಿಗೆ ವಾಲುತ್ತದೆ. ಒಂದು ದಂತದಿಂದ ಬೆರಳೆಣಿಕೆಯಷ್ಟೇ ಒಳ್ಳೆಯ ಚೆಂಡು. ಎಲ್ಲೋ ಕಾಡಿನಲ್ಲಿ ಉಸಿರಾಡಿಕೊಂಡು, ನದಿಗೆ ಇಳಿದು, ಮರ ಒರಸಿಕೊಂಡು ಓಡಾಡಿದ ಒಂದು ದೊಡ್ಡ ಜೀವದ ನರ ಹಾದ ಜಾಗವು, ಜನ ತುಂಬಿದ ಕೋಣೆಯೊಂದರಲ್ಲಿ ದೀಪದ ಕೆಳಗೆ ಸುತ್ತುತ್ತಿತ್ತು. ಇದನ್ನು ಬರೆಯುವಾಗ ಬೆರಗಿನ ಜೊತೆಗೆ ಸಂಕಟವೂ ಬರುತ್ತದೆ. ಎಷ್ಟು ಆನೆಗಳು ಈ ಉರುಳಾಟಕ್ಕೆ ಸತ್ತವು ಎಂಬ ಸಂಕಟ. ದಂತ ದುಬಾರಿಯಾಗಿ, ಬದಲಿ ವಸ್ತು ಕಂಡುಹಿಡಿದವರಿಗೆ ನ್ಯೂಯಾರ್ಕಿನ ಒಂದು ಬಿಲಿಯರ್ಡ್ಸ್ ಕಂಪನಿ 10,000 ಡಾಲರ್ ಬಹುಮಾನ ಸಾರಿತು. ಆಲ್ಬನಿಯ ಮುದ್ರಣಕಾರ ಜಾನ್ ವೆಸ್ಲಿ ಹಯಾಟ್ ಆ ಹುಡುಕಾಟದಲ್ಲಿ ಸೆಲ್ಯುಲಾಯ್ಡ್ ತಲುಪಿದ. ಅವನ ಮೊದಲ ಚೆಂಡುಗಳು ಒಮ್ಮೊಮ್ಮೆ ಡಿಕ್ಕಿಯಾದಾಗ ಬಂದೂಕಿನ ಕೇಪಿನಂತೆ ಸಿಡಿಯುತ್ತಿದ್ದವು. ಕೊಲೊರಾಡೊದ ಒಬ್ಬ ಪಾನಗೃಹದವನು, ಸದ್ದಿಗೆ ತನಗೇನೂ ತೊಂದರೆಯಿಲ್ಲ, ಆದರೆ ಪ್ರತಿ ಸಲವೂ ಕೋಣೆಯಲ್ಲಿದ್ದವರೆಲ್ಲ ಪಿಸ್ತೂಲು ಎಳೆಯುತ್ತಾರೆ ಎಂದು ಅವನಿಗೆ ಕಾಗದ ಬರೆದನಂತೆ. ನಮ್ಮ ಸಿನಿಮಾ ರೀಲುಗಳೂ ಬಾಚಣಿಗೆಗಳೂ ಆಟಿಕೆಗಳೂ ಹುಟ್ಟಿದ ಪ್ಲಾಸ್ಟಿಕ್ಕಿನ ಲೋಕಕ್ಕೆ ಬಾಗಿಲುಗಳಲ್ಲಿ ಒಂದು ಹೀಗೆ ಬಿಲಿಯರ್ಡ್ಸ್ ಮೇಜಿನ ಪಕ್ಕದಿಂದ ತೆರೆಯಿತು. ಇಂದಿನ ಚೆಂಡು ಫೀನಾಲಿಕ್ ರಾಳದ್ದು, 61.5 ಮಿಲಿಮೀಟರ್ ಅಗಲ, ಇನ್ನೂರು ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಕ, ಕೈಯಲ್ಲಿ ಹಿಡಿದರೆ ತಂಪು.

ಚೆಂಡಿನ ಕೆಳಗಿನ ನೆಲ ಮಾತ್ರ ತಂಪಲ್ಲ. ಇದು ಹೊರಗಿನಿಂದ ಗೊತ್ತಾಗುವುದಿಲ್ಲ. ನುಣ್ಣನೆಯ ಉಣ್ಣೆಯ ಬಟ್ಟೆ, ಬಟ್ಟೆಯ ಕೆಳಗೆ ಸ್ಲೇಟ್ ಕಲ್ಲು, ಕಲ್ಲಿನ ಕೆಳಗೆ ಅದನ್ನು ಕೋಣೆಗಿಂತ ತುಸು ಬೆಚ್ಚಗೆ ಇಡುವ ವಿದ್ಯುತ್ತಿನ ವ್ಯವಸ್ಥೆ. ಉಣ್ಣೆ ಗಾಳಿಯ ತೇವವನ್ನು ಕುಡಿಯುತ್ತದೆ. ತೇವ ಕುಡಿದ ಬಟ್ಟೆಯ ಮೇಲೆ ಚೆಂಡು ಬೇಗ ದಣಿಯುತ್ತದೆ, ಅಂಚಿನಿಂದ ಬೇರೆಯೇ ಕೋನದಲ್ಲಿ ತಿರುಗುತ್ತದೆ. ಹಾಗಾಗಿ ಕಲ್ಲನ್ನು ಬೆಚ್ಚಗಿಡುತ್ತಾರೆ. ಆಟದ ನಡುವೆ ಆಟಗಾರರು ಮೇಜಿನ ಮೇಲೆ ಅಂಗೈ ಊರಿ ಬೆರಳುಗಳ ಸೇತುವೆ ಮಾಡುವಾಗ, ಆ ಬಿಸುಪು ಅವರ ಅಂಗೈಗೆ ತಾಗುತ್ತಿರುತ್ತದೆ. ನಸುಕಿನಲ್ಲಿ ಮಲಗಿರುವ ಹಸುವಿನ ಬೆನ್ನ ಮೇಲೆ ಕೈಯಿಟ್ಟವರಿಗೆ ಈ ಬಿಸುಪು ಗೊತ್ತಿರುತ್ತದೆ. ಕಲ್ಲಿಗೆ ಜೀವ ಬಂದು ಸುಮ್ಮನೆ ಉಸಿರಾಡುತ್ತಿದೆ ಎನ್ನಿಸುವಷ್ಟು ಸಣ್ಣ ಶಾಖ.

ಕ್ಯೂವಿನ ತುದಿಯ ತೊಗಲಿನ ಬಿಲ್ಲೆಗೂ ಒಂದು ಕತೆಯಿದೆ. ಅದರ ಕೀರ್ತಿಯನ್ನು ಫ್ರಾನ್ಸಿನ ಸೈನ್ಯದ ಕ್ಯಾಪ್ಟನ್ ಮಿಂಗೋ ಎಂಬವನಿಗೆ ಕೊಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅವನು ಸೆರೆಮನೆಯಲ್ಲಿದ್ದ. ಅಲ್ಲಿದ್ದ ಬಿಲಿಯರ್ಡ್ಸ್ ಮೇಜಿನ ಮೇಲೆ, ಬರಿಯ ಕಟ್ಟಿಗೆಯ ತುದಿಗೆ ತೊಗಲು ಅಂಟಿಸಿ ಹೊಡೆದು ನೋಡಿದ. ಚೆಂಡು ಮಾತು ಕೇಳಿತು, ಹಿಂದಕ್ಕೆ ಬಂತು, ಪಕ್ಕಕ್ಕೆ ಬಾಗಿತು. ಬಿಡುಗಡೆಯ ದಿನ ಬಂದಾಗ, ಅಭ್ಯಾಸ ಇನ್ನೂ ಮುಗಿದಿಲ್ಲ, ಕೆಲವು ದಿನ ಇಲ್ಲೇ ಇರಲು ಬಿಡಿ ಎಂದು ಕೇಳಿಕೊಂಡನಂತೆ. ದಂತಕತೆಯೇ ಇರಬಹುದು, ನಾನು ನಂಬಲು ಸಿದ್ಧನಿದ್ದೇನೆ. ಚೆಂಡು ಬಾಗುವುದನ್ನು ಮೊದಲ ಸಲ ಕಂಡವನಿಗೆ ಗೋಡೆ ಯಾವುದು, ಬಾಗಿಲು ಯಾವುದು! ಅವನ ಮುಂದಿನ ತಲೆಮಾರಿನಲ್ಲಿ, 1835ರಲ್ಲಿ, ಕೊರಿಯೊಲಿಸ್ ಎಂಬ ವಿಜ್ಞಾನಿ ಬಿಲಿಯರ್ಡ್ಸ್ ಚೆಂಡುಗಳ ಈ ವರ್ತನೆಯ ಬಗ್ಗೆ ಒಂದು ಇಡೀ ಗಣಿತಗ್ರಂಥ ಬರೆದ. ಭೂಮಿಯ ತಿರುಗುವಿಕೆಯಿಂದ ಗಾಳಿ, ಸಾಗರದ ಪ್ರವಾಹಗಳು ಬಾಗುವುದಕ್ಕೆ ಇಂದು ನಾವು ಕೊಡುವ ಹೆಸರು ಅವನದೇ. ನಮ್ಮ ಮುಂಗಾರಿನ ಮಾರುತ ಸಮಭಾಜಕವನ್ನು ದಾಟಿ ಬಲಕ್ಕೆ ಹೊರಳಿ ಪಶ್ಚಿಮ ಘಟ್ಟದ ಕಡೆಗೆ ಮುಖ ಮಾಡುವುದನ್ನು ವಿವರಿಸುವಾಗ ಶಾಲೆಯ ಪುಸ್ತಕದಲ್ಲಿ ಬರುವ ಕೊರಿಯೊಲಿಸ್, ಮೇಜಿನ ಮೇಲಿನ ಚೆಂಡಿನ ಗಿರಕಿಯ ಮುಂದೆಯೂ ಬಹಳ ಹೊತ್ತು ಕೂತಿದ್ದ ಎಂಬುದು ನನಗೆ ತಿಳಿದ ಮೇಲೆ, ಜೂನಿನ ಮೊದಲ ಮೋಡಗಳನ್ನು ನೋಡುವಾಗ ಈ ಮೇಜು ನೆನಪಾಗುತ್ತದೆ.

ಸೇಂಟ್ ಲೂಯಿಸಿನ ನಂತರದ ಹೆಸರುಗಳಲ್ಲಿ ಎರಡನ್ನು ಬಿಟ್ಟು ಮುಂದೆ ಹೋಗಲಾರೆ. ವಿಲ್ಲಿ ಹಾಪ್ ಎಷ್ಟು ಚಿಕ್ಕವನಿದ್ದಾಗ ಆಡಲು ಶುರುಮಾಡಿದನೆಂದರೆ, ಮೇಜು ಎಟುಕಲು ಅವನ ಕಾಲ ಕೆಳಗೆ ಪೆಟ್ಟಿಗೆ ಇಡಬೇಕಾಗುತ್ತಿತ್ತು. 1906ರಲ್ಲಿ, ಹದಿನೆಂಟರ ಹರೆಯದಲ್ಲಿ, ಪ್ಯಾರಿಸ್ಸಿಗೆ ಹೋಗಿ ಹಿರಿಯ ಚಾಂಪಿಯನ್ ಮೋರಿಸ್ ವಿನ್ಯೋನನ್ನು ಬೇರೊಂದು ಬಗೆಯ ಬಿಲಿಯರ್ಡ್ಸಿನಲ್ಲಿ ಸೋಲಿಸಿದ. ಮೂರು ಅಂಚಿನ ಆಟದಲ್ಲಿ ವಿಶ್ವ ಚಾಂಪಿಯನ್ ಆಗಿದ್ದು ಅದಾದ ಮೂವತ್ತು ವರ್ಷಗಳ ಮೇಲೆ, 1936ರಲ್ಲಿ. ನಿವೃತ್ತನಾದ 1952ರಲ್ಲೂ ಅವನೇ ಚಾಂಪಿಯನ್. ಇನ್ನೊಬ್ಬರು ಬೆಲ್ಜಿಯಮ್ಮಿನ ರೇಮಂಡ್ ಕೂಲೆಮನ್ಸ್. 1963ರಿಂದ 1973ರವರೆಗೆ ಒಂದು ವರ್ಷವೂ ಬಿಡದೆ ಅವರೇ ವಿಶ್ವ ಚಾಂಪಿಯನ್. 1974ರಲ್ಲಿ ಜಪಾನಿನ ನೊಬುಆಕಿ ಕೊಬಯಾಶಿ ತಡೆದರು. 1975ರಿಂದ ಮತ್ತೆ ಕೂಲೆಮನ್ಸ್. ಎಲ್ಲ ಬಗೆಯ ಬಿಲಿಯರ್ಡ್ಸ್ ಸೇರಿ 35 ವಿಶ್ವ ಪ್ರಶಸ್ತಿಗಳು, ಅದರಲ್ಲಿ 23 ಮೂರು ಅಂಚಿನವು. ನನ್ನನ್ನು ತಟ್ಟಿದ್ದು ಈ ಗೆಲುವುಗಳ ಸಾಲಿನ ಕೊನೆಯ ವರ್ಷ, 2001. ಮಕ್ಕಳ ವಯಸ್ಸಿನವರು ಜಗತ್ತನ್ನಾಳುತ್ತಿದ್ದಾಗ, ತಮ್ಮ ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಮತ್ತೊಮ್ಮೆ ವಿಶ್ವ ಚಾಂಪಿಯನ್ ಆದರು. ದೇಹ ಇಳಿಯುತ್ತಾ ಹೋದ ಮೇಲೂ ಇಳಿಯದೆ ಉಳಿಯುವ ಯಾವುದೋ ಒಂದು ನೋಟ ಮನುಷ್ಯನೊಳಗೆ ಇದೆ ಎಂದು ಯಾರಾದರೂ ಹೇಳಿದರೆ ನಾನು ಆ ವರ್ಷವನ್ನು ನೆನೆಯುತ್ತೇನೆ.

ಮೇಜಿನ ಮರದ ಚೌಕಟ್ಟಿನ ಮೇಲೆ ಸಮ ದೂರದಲ್ಲಿ ಸಣ್ಣ ಚುಕ್ಕಿಗಳಿರುತ್ತವೆ. ಉದ್ದದ ಬದಿಯನ್ನು ಎಂಟು ಭಾಗ ಮಾಡುವಂತೆ, ಗಿಡ್ಡ ಬದಿಯನ್ನು ನಾಲ್ಕು ಭಾಗ ಮಾಡುವಂತೆ. ಆಟಗಾರರು ಅವುಗಳನ್ನು ಎಣಿಸುತ್ತಾರೆ, ಕೂಡುತ್ತಾರೆ, ಕಳೆಯುತ್ತಾರೆ. ಇಂಥ ಚುಕ್ಕಿಯ ಕಡೆಯಿಂದ ಹೊರಟು ಇಂಥ ಚುಕ್ಕಿಗೆ ತಗಲಿದರೆ ಇಂಥಲ್ಲಿಗೆ ಬರುತ್ತದೆ ಎಂಬ ಲೆಕ್ಕ ತಲೆಮಾರುಗಳಿಂದ ಕೈದಾಟಿ ಬಂದಿದೆ. ಆ ಲೆಕ್ಕವೂ ಅರ್ಧ ದಾರಿಯವರೆಗೆ ಮಾತ್ರ ಜೊತೆಗಿರುತ್ತದೆ. ಬಟ್ಟೆ ಹೊಸದೋ ಹಳೆಯದೋ, ಹೊರಗೆ ಮಳೆಯೋ ಬಿಸಿಲೋ, ಚೆಂಡನ್ನು ಈಗಷ್ಟೇ ಒರಸಿದ್ದಾರೋ ಇಲ್ಲವೋ, ಎಲ್ಲವೂ ಕೋನವನ್ನು ಕೂದಲೆಳೆಯಷ್ಟು ಸರಿಸುತ್ತವೆ. ಮೂರು ಅಂಚು ದಾಟುವ ಹೊತ್ತಿಗೆ ಆ ಕೂದಲೆಳೆ ಒಂದು ಗೇಣಾಗಿರುತ್ತದೆ. ಅಲ್ಲಿಂದಾಚೆ ಕೈಯೊಳಗಿನ ಅರಿವೇ ದಾರಿ. ಅದು ಯಾವಾಗ ಬಂದು ಸೇರಿತೆಂದು ಕೈಗೂ ಗೊತ್ತಿರುವುದಿಲ್ಲ.

1878ರ ಆ ಆರರಿಂದ, ಹಾಪ್ ಮತ್ತು ಕೂಲೆಮನ್ಸರ ಕಾಲವನ್ನು ದಾಟಿ, 1993ರಲ್ಲಿ ಜಪಾನಿನ ಜುನಿಚಿ ಕೊಮೊರಿ ಒಂದೇ ಸರದಿಯಲ್ಲಿ 28 ಅಂಕ ಗಳಿಸಿದರು. 1998ರಲ್ಲಿ ಕೂಲೆಮನ್ಸ್ ಕೂಡ ಅದನ್ನು ಮುಟ್ಟಿದರು, ಆಗ ಅವರ ವಯಸ್ಸು ಅರುವತ್ತು ದಾಟಿತ್ತು. ಆಮೇಲೆ ಕೋಡ್ರೋನ್ ಕೂಡ. ಇಪ್ಪತ್ತೆಂಟು ಸಲ ಮೂರು ಚೆಂಡುಗಳು ಚೆದುರಿ ಹೊಸ ಒಗಟಾಗಿ ನಿಂತವು, ಇಪ್ಪತ್ತೆಂಟು ಸಲ ಒಂದು ಗೆರೆ ಹೊಳೆಯಿತು. ಒಗಟು ಒಮ್ಮೆ ಬಂದಂತೆ ಇನ್ನೊಮ್ಮೆ ಬರುವುದಿಲ್ಲ. ಇದೇ ಸ್ಥಾನದಲ್ಲಿ ಈ ಮೂರು ಚೆಂಡುಗಳು ಭೂಮಿಯ ಮೇಲೆ ಎಂದಾದರೂ ನಿಂತಿದ್ದವೇ ಎಂದು ಯೋಚಿಸಿದರೆ ತಲೆ ತಿರುಗುತ್ತದೆ. ಅಂಥದ್ದೊಂದು ಹೊಚ್ಚ ಹೊಸ ಪ್ರಶ್ನೆಗೆ ಉತ್ತರ ಕೊಡಲು ವಿಶ್ವ ಮಟ್ಟದ ಪಂದ್ಯಗಳಲ್ಲಿ ಆಟಗಾರರಿಗೆ ಸಿಗುವುದು 40 ಸೆಕೆಂಡು.

ಮತ್ತೆ, ತಪ್ಪುವುದೂ ಇದೆ. ಬಹಳ ಇದೆ. ಜಗತ್ತಿನ ಅತಿ ದೊಡ್ಡ ಆಟಗಾರರ ಸರಾಸರಿಯೂ ಸರದಿಗೆ ಎರಡು ಅಂಕದ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ಒಂದು ಸಲ, ಎರಡು ಸಲ, ಮತ್ತೆ ತಪ್ಪು. ಹೋಗಿ ಕುರ್ಚಿಯಲ್ಲಿ ಕೂರುವುದು. ಗೆಲ್ಲಿಸುವ ಕೊನೆಯ ಅಂಕದ ಸರದಿಯೊಂದನ್ನು ಬಿಟ್ಟರೆ ಉಳಿದ ಎಲ್ಲ ಸರದಿಗಳೂ ತಪ್ಪಿನಲ್ಲೇ ಮುಗಿಯುತ್ತವೆ. ನನಗೆ ಈ ಆಟದಲ್ಲಿ ಅತ್ಯಂತ ಪವಿತ್ರವಾಗಿ ಕಾಣುವುದು ಆ ಕುರ್ಚಿ. ಮೇಜಿನ ಬೆಳಕಿನಿಂದ ಎರಡು ಹೆಜ್ಜೆ ಆಚೆ, ಅರೆ ನೆರಳಿನಲ್ಲಿ, ಕ್ಯೂವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಎದುರಾಳಿಯ ಚೆಂಡು ಗೆರೆ ಎಳೆಯುವುದನ್ನು ಸುಮ್ಮನೆ ನೋಡುತ್ತಾ ಕೂತ ಮನುಷ್ಯ. ಏನೂ ಮಾಡುವಂತಿಲ್ಲ. ಎದುರಾಳಿ ಚೆಂದದ ಹೊಡೆತ ಹೊಡೆದಾಗ ಕೆಲವರು ಕುಳಿತಲ್ಲೇ ಬೆರಳಿನಿಂದ ಕ್ಯೂವನ್ನು ಮೆಲ್ಲಗೆ ತಟ್ಟುತ್ತಾರೆ. ತನ್ನನ್ನು ಸೋಲಿಸುತ್ತಿರುವ ಸೌಂದರ್ಯಕ್ಕೆ ಸಲ್ಲಿಸಿದ ಮೆಚ್ಚುಗೆ ಅದು. ಕೂದಲೆಳೆಯ ಅಂತರದಲ್ಲಿ ಚೆಂಡು ಹಾದುಹೋಗಿ ಅಂಕ ತಪ್ಪಿದಾಗ ಸಭೆಯಿಂದ ಏಳುವ ಆ ಸಣ್ಣ ನಿಟ್ಟುಸಿರು, ಚೆಂಡು ತಗಲಿದಾಗಿನ ಚಪ್ಪಾಳೆಗಿಂತ ಹೆಚ್ಚು ಹೊತ್ತು ನನ್ನ ಕಿವಿಯಲ್ಲಿ ಉಳಿಯುತ್ತದೆ.

ನಮ್ಮಲ್ಲಿ ಈ ಮೇಜು ಅಪರೂಪ. ಬೆಂಗಳೂರಿನ ಪಂಕಜ್ ಅಡ್ವಾಣಿ ಎರಡು ಡಜನ್ನಿಗೂ ಮಿಕ್ಕಿ ವಿಶ್ವ ಪ್ರಶಸ್ತಿ ಗೆದ್ದದ್ದು ಕುಳಿಗಳಿರುವ ಮೇಜುಗಳ ಮೇಲೆ, ಸ್ನೂಕರ್ ಮತ್ತು ಇಂಗ್ಲಿಷ್ ಬಿಲಿಯರ್ಡ್ಸಿನಲ್ಲಿ. ಆದರೆ ಇಂಗ್ಲಿಷ್ ಬಿಲಿಯರ್ಡ್ಸಿನಲ್ಲೂ ಚೆಂಡು ಮೂರೇ, ಬಿಳಿ, ಹಳದಿ, ಕೆಂಪು. ಅಲ್ಲೂ ಎರಡನ್ನೂ ಮುಟ್ಟಿ ಬಂದರೆ ಕ್ಯಾನನ್ ಎಂದು ಎರಡು ಅಂಕ. ಅಡ್ವಾಣಿಯವರ ಕ್ಯಾನನ್‌ಗಳನ್ನು ಕಂಡವರಿಗೆ ಈ ಆಟ ಪೂರ್ತಿ ಅಪರಿಚಿತವೇನಲ್ಲ.

ಕ್ರಿಸ್ಟಲ್ ಕೆಲ್ಲಿ ನಿಂತ ಮೇಲೆ ಆಟ ನಿಲ್ಲಲಿಲ್ಲ, ಪೂರ್ವಕ್ಕೆ ಹೊರಳಿತು. ದಕ್ಷಿಣ ಕೊರಿಯದಲ್ಲಿ ಬೀದಿ ಬೀದಿಗೆ ಬಿಲಿಯರ್ಡ್ಸ್ ಅಂಗಡಿಗಳಿವೆ. 2019ರಲ್ಲಿ ಅಲ್ಲಿ ವೃತ್ತಿಪರರಿಗೇ ಒಂದು ಹೊಸ ಸರಣಿ ಶುರುವಾಯಿತು, ಕೋಡ್ರೋನ್ ಕೂಡ ಅಲ್ಲಿಗೆ ಹೋದರು. ಸ್ರೂಂಗ್ ಪೀವಿ ಎಂಬ ಕಾಂಬೋಡಿಯದ ಹೆಣ್ಣುಮಗಳು ಮದುವೆಯಾಗಿ ಕೊರಿಯಕ್ಕೆ ಬಂದವಳು; ಭಾಷೆ ಬಾರದ, ನೆಂಟರಿಲ್ಲದ ಆ ನಾಡಿನಲ್ಲಿ ಗಂಡ ಒಂದು ದಿನ ಬಿಲಿಯರ್ಡ್ಸ್ ಅಂಗಡಿಗೆ ಕರೆದುಕೊಂಡು ಹೋದ. ಅವಳು ಮೊದಲ ಸಲ ಕ್ಯೂ ಹಿಡಿದದ್ದು ಅಲ್ಲಿ. ಮುಂದೆ ಅವಳು ಈ ಆಟದ ಅತ್ಯುತ್ತಮ ಆಟಗಾರ್ತಿಯರಲ್ಲಿ ಒಬ್ಬಳಾದಳು. ಒಬ್ಬ ಸಿರಿವಂತ ತಂದೆ ಮಗಳ ಹೆಸರಿಟ್ಟು ಕಡಲ ತೀರದಲ್ಲಿ ಹಾಸಿದ ಬಟ್ಟೆಯೂ, ಯಾವ ಹೆಸರೂ ಇಲ್ಲದ ಒಬ್ಬ ಮಗಳು ಪರನಾಡಿನಲ್ಲಿ ಅಂಗೈ ಊರಿದ ಬಟ್ಟೆಯೂ ಒಂದೇ. ಆ ಬೆಚ್ಚನೆಯ ಕಲ್ಲು ಇಬ್ಬರಲ್ಲಿ ಭೇದ ಮಾಡಲಿಲ್ಲ. 2023ರಲ್ಲಿ ಟರ್ಕಿಯ ಅಂಕಾರಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಫೈನಲ್ಲಿನಲ್ಲಿ ಎದುರುಬದುರು ನಿಂತ ಇಬ್ಬರೂ ವಿಯೆಟ್ನಾಮಿನವರು. ಬಾವ್ ಫುವಾಂಗ್ ವಿನ್ ತಮ್ಮದೇ ನಾಡಿನ ಹಿರಿಯ ಚ್ಯಾನ್ ಕ್ವೆಟ್ ಚಿಯೆನ್‌ರನ್ನು ಸೋಲಿಸಿ ಚಾಂಪಿಯನ್ ಆದರು. ಮರುವರ್ಷ ವಿಯೆಟ್ನಾಮಿನಲ್ಲೇ ನಡೆದಾಗ ಗೆದ್ದದ್ದು ಕೊರಿಯದ ಚೋ ಮ್ಯುಂಗ್-ವೂ. ಓಸ್ಟರೊಮ್ ಇದನ್ನೆಲ್ಲ ನೋಡಲಿಲ್ಲ. ಅವನು 2016ರಲ್ಲೇ ತೀರಿಕೊಂಡ.

ಈ ಪಂದ್ಯಗಳ ಚಿತ್ರಣ ಇಂದು ಯಾರ ಕೈಯಲ್ಲಿರುವ ಫೋನಿನಲ್ಲೂ ಸಿಗುತ್ತದೆ. ಒಂದು ಸಂಜೆ ಬಿಡುವು ಮಾಡಿಕೊಂಡು ಒಂದು ಪಂದ್ಯವನ್ನು ನೋಡಿ. ಅಂಕದ ಹಲಗೆಯನ್ನು ಮರೆತುಬಿಡಿ, ಯಾರು ಗೆದ್ದರೆಂಬುದು ಬೇಡ. ಸದ್ದನ್ನು ಮಾತ್ರ ಕಡಿಮೆ ಮಾಡಬೇಡಿ, ಓಡಿಸಿ ನೋಡಬೇಡಿ, ತಪ್ಪಿದ ಹೊಡೆತಗಳನ್ನು ದಾಟಿಸಬೇಡಿ. ಆಟಗಾರರು ಬಾಗಿದಾಗ ನೀವೂ ಖಾಲಿ ಬಟ್ಟೆಯ ಮೇಲೆ ಒಂದು ದಾರಿಯನ್ನು ಊಹಿಸಿ, ಆಮೇಲೆ ಚೆಂಡು ಹೋಗುವ ದಾರಿಯನ್ನು ಕೊನೆಯವರೆಗೆ ನೋಡಿ.